ವಾಹನ ನೋಂದಣಿ: ಹೊರೆಯ ಮೇಲೆ ಹೊರೆ, ಲೆಕ್ಕ ಎಲ್ಲಿ?



ಅಡಿಕೆ ಸುಲಿದು ಮಂಡಿಗೆ ಹಾಕಿ, ಕಾಫಿ ಒಣಗಿಸಿ ಕ್ಯೂರಿಂಗ್ ವರ್ಕ್ಸ್‌ಗೆ ಕಳುಹಿಸಿ, ಸಂಘದ ಸಾಲದ ಕಂತು ಕಟ್ಟಿ, ಆಳುಗಳ ಬಟವಾಡೆ ಮುಗಿಸಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಬೆಳೆಗಾರನ ಮನೆಯಲ್ಲಿ ಮೊದಲು ಏಳುವ ಮಾತು ಗಾಡಿಯದು. ಮಗನಿಗೆ ಒಂದು ಬೈಕು ಬೇಕು, ಹಳೆಯ ಜೀಪಿನ ನೋಂದಣಿ ನವೀಕರಿಸಬೇಕು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಲು ಸಣ್ಣದೊಂದು ಕಾರು ಇದ್ದರೆ ಒಳ್ಳೆಯದು, ಹೀಗೆ. ಈಚಿನ ದಿನಗಳಲ್ಲಿ ಈ ಮಾತಿನ ಬೆನ್ನಿಗೇ ಒಂದು ದೂರೂ ಕೇಳಿಬರುತ್ತಿದೆ. ಗಾಡಿಯ ಬೆಲೆಯನ್ನು ಹೇಗೋ ಹೊಂದಿಸಿಕೊಂಡವರು ನೋಂದಣಿಯ ಪಟ್ಟಿ ನೋಡಿ ದಂಗಾಗುತ್ತಿದ್ದಾರೆ. ತೆರಿಗೆ ಎಂದು ಒಂದು ಮೊತ್ತ, ಸೆಸ್ ಎಂದು ಇನ್ನೊಂದು, ಅದರ ಕೆಳಗೆ ಮತ್ತೊಂದು ಸೆಸ್, ಶುಲ್ಕ, ಸ್ಮಾರ್ಟ್ ಕಾರ್ಡು, ಸಾಲವಿದ್ದರೆ ಅದನ್ನು ಬರೆಸಿದ್ದಕ್ಕೆ ಬೇರೆ ಶುಲ್ಕ. "ಇದೆಲ್ಲ ಏನು, ಎಲ್ಲಿಗೆ ಹೋಗುತ್ತದೆ?" ಎಂದು ಸದಸ್ಯರು ಸಂಘದ ಕಟ್ಟೆಯ ಮೇಲೆ ಕುಳಿತು ಕೇಳುತ್ತಿರುವುದರಿಂದ, ತಿಳಿದಮಟ್ಟಿಗೆ ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಪೇಟೆಯವರಿಗೆ ಸ್ವಂತ ವಾಹನ ಅನುಕೂಲದ ವಸ್ತುವಾಗಿರಬಹುದು. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಇದೆ, ಆಟೋ ಇದೆ. ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ, ಶಿರಸಿ, ಸಕಲೇಶಪುರ, ಮಡಿಕೇರಿಯ ಒಳಭಾಗದ ತೋಟದ ಮನೆಗೆ ಅಂಥ ಅನುಕೂಲವಿಲ್ಲ. ಡಾಂಬರು ರಸ್ತೆಯಿಂದ ಎರಡು ಮೂರು ಮೈಲಿ ಒಳಗಿರುವ ಮನೆಗೆ ಮಳೆಗಾಲದಲ್ಲಿ ಜೀಪೇ ಆಧಾರ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ತರುವುದಕ್ಕೂ ಅದೇ, ಕೊಯ್ಲಿನ ಕಾಲದಲ್ಲಿ ಆಳುಗಳನ್ನು ಕರೆತರುವುದಕ್ಕೂ ಅದೇ, ರಾತ್ರಿ ಹೆರಿಗೆ ನೋವು ಬಂದರೂ ಅದೇ. ಆದುದರಿಂದ ವಾಹನದ ಮೇಲೆ ಬೀಳುವ ಪ್ರತಿಯೊಂದು ರೂಪಾಯಿಯೂ ನಮ್ಮ ಪಾಲಿಗೆ ಕೃಷಿಯ ಖರ್ಚಿಗೇ ಸೇರುತ್ತದೆ.

ಪಟ್ಟಿಯಲ್ಲಿ ಇರುವುದೇನು?

ನಮ್ಮ ರಾಜ್ಯದಲ್ಲಿ ವಾಹನ ತೆರಿಗೆಯನ್ನು ವಸೂಲು ಮಾಡುವುದು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಅನ್ವಯ. ಖಾಸಗಿ ವಾಹನಕ್ಕೆ ಕೊಳ್ಳುವಾಗಲೇ ಜೀವಿತಾವಧಿ ತೆರಿಗೆಯನ್ನು ಒಂದೇ ಸಲ ಕಟ್ಟಬೇಕು. 2025ರಲ್ಲಿ ಜಾರಿಯಲ್ಲಿದ್ದ ದರದಂತೆ, ಪೆಟ್ರೋಲ್ ಬೈಕಿನ ಬೆಲೆ 50,000 ರೂಪಾಯಿಯೊಳಗಿದ್ದರೆ ಶೇಕಡಾ 10, ಒಂದು ಲಕ್ಷದೊಳಗಿದ್ದರೆ ಶೇಕಡಾ 12, ಒಂದು ಲಕ್ಷ ಮೀರಿದರೆ ಶೇಕಡಾ 18. ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇಕಡಾ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲ್ಪಟ್ಟರೆ 18. ಈ ತೆರಿಗೆಯ ಮೊತ್ತದ ಮೇಲೆ ಶೇಕಡಾ 11ರಷ್ಟು ಸೆಸ್. ಇವುಗಳ ಮೇಲೆ, 2024ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಬಂದ ತಿದ್ದುಪಡಿಯ ಮೂಲಕ, ಹೊಸದಾಗಿ ನೋಂದಣಿಯಾಗುವ ಪ್ರತಿ ಖಾಸಗಿ ದ್ವಿಚಕ್ರ ವಾಹನಕ್ಕೆ 500 ರೂಪಾಯಿ, ಕಾರಿಗೆ 1,000 ರೂಪಾಯಿ ಹೆಚ್ಚುವರಿ ಸೆಸ್ ಸೇರಿತು. ಕೇಂದ್ರದ ನಿಯಮದಂತೆ ನೋಂದಣಿ ಶುಲ್ಕ ಬೈಕಿಗೆ 300, ಕಾರಿಗೆ 600, ಸ್ಮಾರ್ಟ್ ಕಾರ್ಡಿಗೆ 200 ರೂಪಾಯಿ.

ಲೆಕ್ಕ ಹಾಕಿ ನೋಡೋಣ. ತೆರಿಗೆಗೆ ಹಿಡಿಯುವ ಬೆಲೆ 90,000 ರೂಪಾಯಿ ಇರುವ ಒಂದು ಬೈಕು ಎಂದಿಟ್ಟುಕೊಳ್ಳಿ.

ಜೀವಿತಾವಧಿ ತೆರಿಗೆ: 10,800 ರೂ.
ಅದರ ಮೇಲೆ ಶೇಕಡಾ 11 ಸೆಸ್: 1,188 ರೂ.
ಹೆಚ್ಚುವರಿ ಸೆಸ್: 500 ರೂ.
ನೋಂದಣಿ ಶುಲ್ಕ: 300 ರೂ.
ಸ್ಮಾರ್ಟ್ ಕಾರ್ಡು: 200 ರೂ.
ಒಟ್ಟು: 12,988 ರೂ.

ಬೆಲೆ 8 ಲಕ್ಷದ ಕಾರಾದರೆ ತೆರಿಗೆ 1,12,000, ಸೆಸ್ 12,320, ಹೆಚ್ಚುವರಿ ಸೆಸ್ 1,000, ಶುಲ್ಕ ಮತ್ತು ಕಾರ್ಡು 800, ಒಟ್ಟು 1,26,120 ರೂಪಾಯಿ. ಬ್ಯಾಂಕಿನಿಂದಲೋ ಸಂಘದಿಂದಲೋ ಸಾಲ ಪಡೆದಿದ್ದರೆ ಅದನ್ನು ನೋಂದಣಿ ಪತ್ರದಲ್ಲಿ ನಮೂದಿಸಲು ಬೈಕಿಗೆ 500, ಕಾರಿಗೆ 1,500 ರೂಪಾಯಿ ಪ್ರತ್ಯೇಕ. ನಮ್ಮವರಲ್ಲಿ ಸಾಲವಿಲ್ಲದೆ ಗಾಡಿ ಕೊಳ್ಳುವವರು ಎಷ್ಟು ಮಂದಿ?

ಈ ಪಟ್ಟಿಯಲ್ಲಿ 500 ರೂಪಾಯಿ ದೊಡ್ಡ ಮೊತ್ತವೇನೂ ಆಗಿರುವುದಿಲ್ಲ. 10,800 ಕೊಟ್ಟವನು 500ಕ್ಕೆ ಯಾಕೆ ಸಿಟ್ಟಾಗಬೇಕು ಎಂದು ಕೆಲವರು ಕೇಳುವುದುಂಟು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆ ಅಡಿಕೆ ಬೆಳೆಗಾರರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ವಿಶ್ವಾಸ ಕೆಡುವುದಕ್ಕೆ ದೊಡ್ಡ ಮೊತ್ತವೇ ಬೇಕಾಗಿಲ್ಲ. ಕಟ್ಟಿದ ಹಣಕ್ಕೆ ಹೆಸರು ಇದ್ದು ಲೆಕ್ಕ ಕಾಣದಿದ್ದಾಗ ಸಣ್ಣ ಮೊತ್ತವೂ ಮನಸ್ಸಿಗೆ ಚುಚ್ಚುತ್ತದೆ.

ಯಾವ ಹೆಸರಿನ ಹಣ ಎಲ್ಲಿಗೆ?

ಶೇಕಡಾ 11ರ ಸೆಸ್‌ನಲ್ಲಿ ಎರಡು ಭಾಗಗಳಿವೆ. ಶೇಕಡಾ 10 ಮೂಲಸೌಕರ್ಯದ್ದು. ರಾಜ್ಯದ ಮೂಲಸೌಕರ್ಯ ಯೋಜನೆಗಳು, ಬೆಂಗಳೂರಿನ ಮೆಟ್ರೋ ರೈಲಿನ ಷೇರು ಬಂಡವಾಳ, ಮುಖ್ಯಮಂತ್ರಿಗಳ ಗ್ರಾಮೀಣ ರಸ್ತೆ ಅಭಿವೃದ್ಧಿ ನಿಧಿ, ಈ ಮೂರು ಉದ್ದೇಶಗಳಿಗೆ ಅದು ಸಲ್ಲುತ್ತದೆ. ಉಳಿದ ಶೇಕಡಾ 1 ನಗರ ಸಾರಿಗೆಯ ನಿಧಿಗೆ. ಅಂದರೆ ಮೆಟ್ರೋ ಹಳಿಯನ್ನು ಕಣ್ಣಿನಿಂದ ನೋಡದ ಕಳಸದ ಬೆಳೆಗಾರನೂ ಬೈಕು ಕೊಂಡ ದಿನ ಮೆಟ್ರೋಗೆ ತನ್ನ ಪಾಲು ಕೊಟ್ಟಿರುತ್ತಾನೆ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ರಾಜಧಾನಿಯೂ ನಮ್ಮದೇ, ನಮ್ಮ ಮಕ್ಕಳು ಅಲ್ಲಿಯೇ ಕೆಲಸದಲ್ಲಿದ್ದಾರೆ. ಆದರೆ ಅದೇ ಸೆಸ್‌ನಲ್ಲಿ ಗ್ರಾಮೀಣ ರಸ್ತೆಯ ಹೆಸರೂ ಇರುವುದರಿಂದ, ನಮ್ಮ ತಾಲ್ಲೂಕಿನ ಯಾವ ರಸ್ತೆಗೆ ಆ ನಿಧಿಯಿಂದ ಎಷ್ಟು ಬಂತು ಎಂದು ಕೇಳುವ ಹಕ್ಕು ನಮಗಿದೆ. ಪ್ರತಿ ಆಷಾಢದಲ್ಲಿ ಮಣ್ಣು ಜರಿದು ಮುಚ್ಚಿಹೋಗುವ ದಾರಿಯ ಪಕ್ಕದಲ್ಲಿ ವಾಸಿಸುವವರು ಈ ಪ್ರಶ್ನೆ ಕೇಳಿದರೆ ಅದು ಉದ್ಧಟತನವಾಗಲಾರದು.

ಹೊಸ ಹೆಚ್ಚುವರಿ ಸೆಸ್ಸಿನ ಉದ್ದೇಶ ಬೇರೆ. ಚಾಲಕರು, ನಿರ್ವಾಹಕರು, ಕ್ಲೀನರುಗಳು, ಗ್ಯಾರೇಜಿನ ಮೆಕ್ಯಾನಿಕ್‌ಗಳು ಮುಂತಾದ ಮೋಟಾರು ಸಾರಿಗೆ ಹಾಗೂ ಪೂರಕ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಅದನ್ನು ಹಾಕಲಾಗಿದೆ. ಉದ್ದೇಶದ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ನಮ್ಮ ಅಡಿಕೆ ಮೂಟೆ, ಕಾಫಿ ಚೀಲ ಹೊತ್ತು ರಾತ್ರಿಯೆಲ್ಲ ಘಟ್ಟ ಇಳಿಯುವ ಲಾರಿ ಚಾಲಕನಿಗೆ ಕಷ್ಟ ಬಂದಾಗ ಒಂದು ಆಸರೆ ಇರಬೇಕು. ಕೈಗೆ ಗ್ರೀಸು ಹಚ್ಚಿಕೊಂಡು ನಮ್ಮ ಜೀಪನ್ನು ಬದುಕಿಸಿಕೊಡುವ ಹುಡುಗನಿಗೂ ಇರಬೇಕು. ಆದರೆ ಆಸರೆ ತಲುಪಿತೋ ಇಲ್ಲವೋ ಎಂಬುದು ಹಣ ಕೊಟ್ಟವನಿಗೆ ತಿಳಿಯಬೇಕಲ್ಲವೆ? ವರ್ಷಕ್ಕೆ ಎಷ್ಟು ಸಂಗ್ರಹವಾಯಿತು, ಎಷ್ಟು ಮಂದಿಗೆ ಯಾವ ರೀತಿಯ ನೆರವು ಸಿಕ್ಕಿತು ಎಂಬ ಒಂದು ಪುಟದ ತಖ್ತೆಯನ್ನು ಸಾರಿಗೆ ಕಚೇರಿಯ ಫಲಕದಲ್ಲಿ ಅಂಟಿಸಿದ್ದರೆ ಜನರ ಅರ್ಧ ಗೊಣಗಾಟ ಅಲ್ಲಿಗೇ ನಿಲ್ಲುತ್ತಿತ್ತು.

ಹಳೆಯ ಜೀಪಿನ ಕಥೆ

ಹೊಸ ಗಾಡಿಯ ವಿಷಯ ಹೀಗಾದರೆ ಹಳೆಯದನ್ನೇ ಇಟ್ಟುಕೊಂಡವರ ಪಾಡು ಇನ್ನೊಂದು ತೆರ. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಷ್ಯ, ಆ ಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಶುಲ್ಕ ಕೇಂದ್ರ ಸರ್ಕಾರದ್ದು. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇನ್ನೊಂದು ಅಧಿಸೂಚನೆ ಬಂದು, 20 ವರ್ಷ ದಾಟಿದ ವಾಹನಕ್ಕೆ 10,000 ಎಂದಾಯಿತು. ಬೈಕಿಗೆ 300 ಇದ್ದದ್ದು 1,000 ಆಗಿ, 20 ವರ್ಷ ದಾಟಿದ್ದಕ್ಕೆ 2,000 ಆಯಿತು.

2003ರಲ್ಲಿ ಕೊಂಡ ಒಂದು ಜೀಪನ್ನು ಉದಾಹರಣೆಗೆ ತೆಗೆದುಕೊಳ್ಳಿ. 2018ರ ನವೀಕರಣಕ್ಕೆ 600 ರೂಪಾಯಿ. 2023ರಲ್ಲಿ 5,000. ಈಗಿನ ನಿಯಮವೇ ಉಳಿದರೆ 2028ರಲ್ಲಿ 10,000. ಹತ್ತು ವರ್ಷದಲ್ಲಿ ಹದಿನಾರು ಪಟ್ಟಿಗೂ ಮೀರಿದ ಏರಿಕೆ. ಇದೇ ಅವಧಿಯಲ್ಲಿ ನಮ್ಮ ಬೆಳೆಯ ಬೆಲೆ ಎಷ್ಟು ಪಟ್ಟು ಏರಿತು ಎಂಬುದನ್ನು ಸದಸ್ಯರು ತಮ್ಮ ತಮ್ಮ ಪಟ್ಟಿ ಪುಸ್ತಕದಲ್ಲೇ ನೋಡಿಕೊಳ್ಳಬಹುದು. ರಾಜ್ಯದ ಹಸಿರು ತೆರಿಗೆ ಇದರ ಜೊತೆಗೆ ಬೇರೆ.

ಸರ್ಕಾರದ ವಾದವನ್ನೂ ಹೇಳಬೇಕು. ಹಳೆಯ ವಾಹನ ಹೆಚ್ಚು ಹೊಗೆ ಉಗುಳುತ್ತದೆ, ಅಪಾಯಕ್ಕೆ ದಾರಿಯಾಗುತ್ತದೆ, ಆದುದರಿಂದ ಅದನ್ನು ಗುಜರಿಗೆ ಕಳುಹಿಸುವಂತೆ ಜನರನ್ನು ಪ್ರೇರೇಪಿಸಬೇಕೆಂಬುದು ಇದರ ಹಿಂದಿನ ಆಲೋಚನೆ. ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆದರೆ ಹೊಸ ವಾಹನದ ನೋಂದಣಿ ಶುಲ್ಕ ಮನ್ನಾ ಎಂಬ ನಿಯಮವೂ ಇದೆ. ಈ ವಾದ ದಿನವಹಿ ನೂರು ಮೈಲಿ ಓಡುವ ಪಟ್ಟಣದ ವಾಹನಕ್ಕೆ ಒಪ್ಪುವ ಮಾತು. ತೋಟದಿಂದ ಪೇಟೆಗೆ ವಾರಕ್ಕೆ ಎರಡು ಸಲ ಬಂದುಹೋಗುವ, ಸುಸ್ಥಿತಿಯಲ್ಲಿರುವ ಜೀಪಿಗೂ ಅದೇ ಅಳತೆಗೋಲು ಹಿಡಿದದ್ದು ನಮ್ಮ ಆಕ್ಷೇಪ. ಓಡಿದ ದೂರವನ್ನೂ ಹೊಗೆಯ ತಪಾಸಣೆಯನ್ನೂ ಬಿಟ್ಟು ಬರಿಯ ವಯಸ್ಸನ್ನೇ ನೋಡಿದರೆ, ಬಡವನು ಹಳೆಯದನ್ನು ಇಟ್ಟುಕೊಂಡದ್ದಕ್ಕೆ ದಂಡ ತೆತ್ತಂತಾಗುತ್ತದೆ.

ಇದರ ನಡುವೆ ಅತಿ ಸುರಕ್ಷಿತ ನಂಬರ್ ಪ್ಲೇಟಿನ ಗದ್ದಲ ಯಾರೂ ಮರೆತಿರಲಾರರು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಎಲ್ಲ ವಾಹನಗಳಿಗೂ ಹೊಸ ಪ್ಲೇಟು ಹಾಕಿಸಬೇಕೆಂದು 2023ರ ಆಗಸ್ಟಿನಲ್ಲಿ ರಾಜ್ಯದಲ್ಲಿ ಆದೇಶವಾಯಿತು. ಮೊದಲ ಗಡುವು ಅದೇ ವರ್ಷದ ನವೆಂಬರ್ 17. ಆ ಮೇಲೆ ಗಡುವು ಮುಂದೆ ಹೋಯಿತು, ಮತ್ತೆ ಮತ್ತೆ ಹೋಯಿತು. ಹೇಳಿದ ದಿನಕ್ಕೇ ಕೆಲಸ ಬಿಟ್ಟು ಪೇಟೆಗೆ ಹೋಗಿ ಹಣ ಕಟ್ಟಿ ಬಂದವರು ಪೆಚ್ಚಾದರು. ಮೊಬೈಲಿನಲ್ಲಿ ನಮೂನೆ ತುಂಬಲು ಬಾರದ ಹಿರಿಯರು ಅವರಿವರ ಕೈಕಾಲು ಹಿಡಿದರು. ಪ್ಲೇಟಿನ ಉದ್ದೇಶ ಕಳ್ಳತನ ತಡೆಯುವುದು, ಒಳ್ಳೆಯದೇ. ಆದರೆ ಆಜ್ಞೆ ಹೊರಡಿಸುವ ಮೊದಲು ಹಳ್ಳಿಯವನು ಅದನ್ನು ಹೇಗೆ ಪಾಲಿಸುತ್ತಾನೆ ಎಂದು ಯೋಚಿಸದಿದ್ದರೆ ಒಳ್ಳೆಯ ಕೆಲಸಕ್ಕೂ ಕೆಟ್ಟ ಹೆಸರು ಬರುತ್ತದೆ.

ತೆರಿಗೆ, ಶುಲ್ಕ, ಸೆಸ್

ಈ ಮೂರು ಶಬ್ದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಕಾನೂನಿನಲ್ಲಿ ಅವು ಬೇರೆ ಬೇರೆ. ಈ ವ್ಯತ್ಯಾಸವನ್ನು ದೇಶಕ್ಕೆ ತಿಳಿಸಿಕೊಟ್ಟ ಮೊಕದ್ದಮೆ ನಮ್ಮ ಕರಾವಳಿಯದೇ ಎಂಬುದು ಸ್ವಾರಸ್ಯಕರ. ದಕ್ಷಿಣ ಕನ್ನಡ ಇನ್ನೂ ಮದರಾಸು ರಾಜ್ಯದಲ್ಲಿದ್ದಾಗ, 1951ರ ಧರ್ಮಾದಾಯ ಕಾಯ್ದೆಯಂತೆ ಮಠಗಳು ಸರ್ಕಾರಕ್ಕೆ ವಾರ್ಷಿಕ ವಂತಿಗೆ ಕೊಡಬೇಕಾಗಿತ್ತು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಸ್ವಾಮಿಗಳು ಇದನ್ನು ಪ್ರಶ್ನಿಸಿದರು. 1954ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಸಾರ ಇಷ್ಟು: ತೆರಿಗೆಗೆ ಪ್ರತಿಯಾಗಿ ಇಂಥದೇ ಸೇವೆ ಬೇಕೆಂದು ಕೇಳುವಂತಿಲ್ಲ, ಶುಲ್ಕವಾದರೋ ಒಂದು ಸೇವೆಯ ಪ್ರತಿಫಲ, ಅದನ್ನು ಆ ಸೇವೆಗೆಂದೇ ಪ್ರತ್ಯೇಕವಾಗಿ ಇಡಬೇಕು. ವಂತಿಗೆಯು ಶುಲ್ಕವಲ್ಲ, ತೆರಿಗೆಯೇ, ಅದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ನ್ಯಾಯಾಲಯ ಹೇಳಿತು.

ಮುಂದಿನ ದಶಕಗಳಲ್ಲಿ ಈ ನಿಲುವು ಸಡಿಲವಾಗುತ್ತ ಬಂದಿತು. ವಾಹನ ತೆರಿಗೆಯನ್ನು ರಸ್ತೆ ಬಳಕೆಗೆ ಕೊಡುವ ಪರಿಹಾರವೆಂದು 1960ರ ದಶಕದಲ್ಲಿ ಕೋರ್ಟು ಕಂಡಿತ್ತು. ಆ 'ಪರಿಹಾರ ತೆರಿಗೆ'ಯ ಸಿದ್ಧಾಂತವನ್ನು 2016ರ ನವೆಂಬರಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಕೈಬಿಟ್ಟಿತು. "ರಸ್ತೆ ಕೆಟ್ಟಿದೆ, ಆದುದರಿಂದ ತೆರಿಗೆ ಕೊಡೆ" ಎಂದು ನ್ಯಾಯಾಲಯಕ್ಕೆ ಹೋಗುವ ಬಾಗಿಲು ಕಿರಿದಾಗಿದೆ. ಆದರೆ ಸೆಸ್ ಎಂಬುದು ಉದ್ದೇಶ ಹೇಳಿ ಎತ್ತುವ ಹಣ. ಹೆಸರು ಹೇಳಿ ಎತ್ತಿದ ಮೇಲೆ ಆ ಹೆಸರಿನಲ್ಲೇ ಲೆಕ್ಕ ಕೊಡಬೇಕಾದ ನೈತಿಕ ಬಾಧ್ಯತೆ ಸರ್ಕಾರದ ಮೇಲಿದೆ, ಕೇಳಬೇಕಾದ ಹೊಣೆ ವಿಧಾನಮಂಡಲದ ಮೇಲೂ ನಮ್ಮ ಮೇಲೂ ಇದೆ.

ಸೆಸ್ ಎಂದೊಡನೆ ಹೌಹಾರುವ ಜನ ಬೆಳೆಗಾರರಲ್ಲ. ಕಾಫಿ ಬೆಲೆ ನೆಲಕಚ್ಚಿದ್ದ ಕಾಲದಲ್ಲಿ, 1935ರಲ್ಲಿ, ಕಾಫಿ ಸೆಸ್ ಕಾಯ್ದೆ ಬಂದಿತು. ರಫ್ತಾಗುವ ಕಾಫಿಯ ಮೇಲೆ ಎತ್ತಿದ ಆ ಹಣವನ್ನು ಭಾರತೀಯ ಕಾಫಿ ಸೆಸ್ ಸಮಿತಿ ಕಾಫಿಯ ಪ್ರಚಾರಕ್ಕೆ ಬಳಸಿತು. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಸಮಿತಿಯಲ್ಲಿ ಬೆಳೆಗಾರರೂ ಇದ್ದರು. ಕೊಟ್ಟ ಹಣ ಲೋಟದಲ್ಲಿ ಹಬೆಯಾಡುವುದನ್ನು ಕಣ್ಣಾರೆ ಕಾಣಬಹುದಾಗಿತ್ತು. ಹಾಗೆ ಕಾಣಿಸುವ ಸೆಸ್ಸಿಗೆ ಯಾರ ತಕರಾರೂ ಇರುವುದಿಲ್ಲ.

ಇನ್ನೊಂದು ವಿಷಯ. ಕೇಂದ್ರವು ಎತ್ತುವ ಸೆಸ್ ಮತ್ತು ಮೇಲ್ತೆರಿಗೆಗಳು ಸಂವಿಧಾನದ 270ನೇ ವಿಧಿಯಂತೆ ರಾಜ್ಯಗಳೊಡನೆ ಹಂಚುವ ಪಾಲಿಗೆ ಸೇರುವುದಿಲ್ಲವೆಂದು ನಮ್ಮ ರಾಜ್ಯ ಸರ್ಕಾರ ನೊಂದು ನುಡಿದಿದೆ. ತೆರಿಗೆ ಪಾಲಿನಲ್ಲಿ ಅನ್ಯಾಯವಾಗಿದೆಯೆಂದು 2024ರ ಫೆಬ್ರವರಿಯಲ್ಲಿ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿಯೂ ನಡೆಯಿತು. ಆ ದೂರಿನಲ್ಲಿ ಹುರುಳಿದೆ. ಅದೇ ನ್ಯಾಯವನ್ನು ರಾಜ್ಯವು ತನ್ನ ಪ್ರಜೆಗಳಿಗೂ ಅನ್ವಯಿಸಿಕೊಳ್ಳಲಿ ಎಂಬುದಷ್ಟೇ ನಮ್ಮ ಕೋರಿಕೆ. ಪಕ್ಷ ಯಾವುದೇ ಇರಲಿ, ದೆಹಲಿಯಿರಲಿ ಬೆಂಗಳೂರಿರಲಿ, ತೆರಿಗೆ ಏರಿಸಲು ಸಂಕೋಚವಾದಾಗ ಸೆಸ್ ಎಂಬ ಹಿಂಬಾಗಿಲಿನಿಂದ ಬರುವ ಅಭ್ಯಾಸ ಬೆಳೆದಿದೆ. ಜನರ ಬೇಸರಕ್ಕೆ ಮೂಲ ಇದು.

ಸದಸ್ಯರು ಗಮನಿಸಬೇಕಾದ ಸಂಗತಿಗಳು

ಗೊಣಗಿ ಸುಮ್ಮನಾಗುವುದರಿಂದ ಏನೂ ಆಗದು. ನಮ್ಮ ಕೈಯಲ್ಲಿರುವಷ್ಟನ್ನು ಮಾಡೋಣ.

ಒಂದು, ಗಾಡಿ ಕೊಳ್ಳುವಾಗ ಅಂಗಡಿಯವರು ಕೊಡುವ ಒಟ್ಟು ಮೊತ್ತವನ್ನು ಒಪ್ಪಿಕೊಳ್ಳುವ ಮೊದಲು ಬಾಬುವಾರು ಬರೆಸಿಕೊಳ್ಳಿ. ತೆರಿಗೆ, ಸೆಸ್, ಶುಲ್ಕಗಳಿಗೆ ಸಾರಿಗೆ ಇಲಾಖೆಯ ರಸೀದಿ ಇರುತ್ತದೆ, ಕೇಳಿ ಪಡೆಯಿರಿ. 'ಹ್ಯಾಂಡ್ಲಿಂಗ್ ಚಾರ್ಜು' ಎಂಬುದು ಸರ್ಕಾರದ ಶುಲ್ಕವಲ್ಲ. ಸರ್ಕಾರವನ್ನು ಬೈಯುತ್ತ ಅಂಗಡಿಗೆ ಕೊಟ್ಟುಬರುವ ಹಣ ಅದು. ವಿಮೆ ಕಡ್ಡಾಯ ನಿಜ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷ, ಬೈಕಿಗೆ ಐದು ವರ್ಷದ ಮೂರನೇ ವ್ಯಕ್ತಿಯ ವಿಮೆ ಮಾಡಿಸಬೇಕು. ಆದರೆ ಅಂಗಡಿಯಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ.

ಎರಡು, ನೋಂದಣಿ ಪತ್ರದಲ್ಲಿರುವ ಅಂತಿಮ ದಿನಾಂಕವನ್ನು ಇಂದೇ ನೋಡಿ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ. ಅವಧಿ ಮುಗಿಯುವ 60 ದಿನ ಮೊದಲೇ 25ನೇ ನಮೂನೆಯಲ್ಲಿ ನವೀಕರಣಕ್ಕೆ ಅರ್ಜಿ ಹಾಕಬಹುದು. ತಡವಾದರೆ ಬೈಕಿಗೆ ತಿಂಗಳಿಗೆ 300, ಕಾರು ಜೀಪುಗಳಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಬೀಳುತ್ತದೆ. ಕೊಯ್ಲಿನ ಗಡಿಬಿಡಿಯಲ್ಲಿ ಆರು ತಿಂಗಳು ಮರೆತರೆ ಜೀಪಿಗೆ 3,000 ರೂಪಾಯಿ ಸುಮ್ಮನೆ ಹೋದಂತೆ.

ಮೂರು, ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಮ್ಮ ಕೈಯಲ್ಲಿದೆ. ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಬರಬೇಕು. ಗ್ರಾಮೀಣ ರಸ್ತೆ ನಿಧಿಯಿಂದ ನಮ್ಮ ತಾಲ್ಲೂಕಿಗೆ ಕಳೆದ ಐದು ವರ್ಷಗಳಲ್ಲಿ ಎಷ್ಟು ಹಣ ಬಂತು, ಯಾವ ರಸ್ತೆಗೆ ಹೋಯಿತು ಎಂದು ಕೇಳಿ ನೋಡೋಣ. ಒಬ್ಬರು ಕೇಳುವುದಕ್ಕಿಂತ ಹತ್ತು ಮಂದಿ ಹತ್ತು ಊರಿನಿಂದ ಕೇಳಿದರೆ ಚಿತ್ರ ಪೂರ್ಣವಾಗುತ್ತದೆ.

ಒಪ್ಪಿಕೊಂಡು ಕೊಡುವುದಕ್ಕೆ

ತೆರಿಗೆ ಬೇಡವೆನ್ನುವ ಜನ ನಾವಲ್ಲ. ಶಾಲೆ, ಆಸ್ಪತ್ರೆ, ರಸ್ತೆ ಎಲ್ಲವೂ ಯಾರೋ ಕೊಟ್ಟ ತೆರಿಗೆಯಿಂದಲೇ ಆದದ್ದು. ನಮ್ಮ ಸಂಘದಲ್ಲಿಯೂ ಸದಸ್ಯರ ಅಡಿಕೆ ಪಟ್ಟಿಯಿಂದ ಹಮಾಲಿ, ತೂಕದ ಖರ್ಚು, ಸಂಘದ ವಂತಿಗೆ ಎಂದು ಮುರಿದುಕೊಳ್ಳುತ್ತೇವೆ. ಯಾರೂ ಜಗಳವಾಡಿದ್ದಿಲ್ಲ. ಕಾರಣವಿಷ್ಟೆ: ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತದೆ, ಅಢಾವೆ ಪತ್ರಿಕೆ ಪ್ರತಿಯೊಬ್ಬರ ಕೈಗೆ ಬರುತ್ತದೆ, ಹಿಂದಿನ ಸಾಲಿನಲ್ಲಿ ಕುಳಿತ ಅರ್ಧ ಎಕರೆಯ ಸದಸ್ಯನೂ ಎದ್ದು ನಿಂತು "ಈ ಬಾಬತ್ತು ಏನು ಸ್ವಾಮಿ?" ಎಂದು ಕೇಳಬಹುದು, ಅಧ್ಯಕ್ಷರು ಉತ್ತರ ಹೇಳಲೇಬೇಕು. ಲೆಕ್ಕ ಕೇಳುವವನನ್ನು ಅಲ್ಲಿ ಯಾರೂ ವೈರಿಯೆಂದು ತಿಳಿಯುವುದಿಲ್ಲ. ಮುರಿದುಕೊಂಡ ಹಣಕ್ಕೆ ಲೆಕ್ಕ ಸಿಗದ ಸಂಘವನ್ನು ಸದಸ್ಯರು ಬಿಟ್ಟುಹೋಗಬಹುದು. ಸರ್ಕಾರವನ್ನು ಬಿಟ್ಟುಹೋಗುವಂತಿಲ್ಲ, ಅದಕ್ಕೇ ಅಲ್ಲಿ ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಆದುದರಿಂದ ಮೂರು ಬೇಡಿಕೆಗಳನ್ನು ಬರುವ ಮಹಾಸಭೆಯ ಮುಂದೆ ಇಡಲು ಬಯಸುತ್ತೇವೆ. ವಾಹನದ ಮೇಲಿನ ಪ್ರತಿಯೊಂದು ಸೆಸ್ಸಿನ ಸಂಗ್ರಹ ಮತ್ತು ಖರ್ಚನ್ನು ಜಿಲ್ಲಾವಾರು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಉದ್ದೇಶ ಮುಗಿದ ಸೆಸ್ ತಾನಾಗಿ ನಿಲ್ಲುವಂತೆ ಕಾಯ್ದೆಯಲ್ಲೇ ಅವಧಿ ಬರೆದಿರಬೇಕು. ಹಳೆಯ ವಾಹನದ ನವೀಕರಣ ಶುಲ್ಕದಲ್ಲಿ ವಯಸ್ಸಿನ ಜೊತೆಗೆ ಸ್ಥಿತಿಗತಿಯನ್ನೂ ಪರಿಗಣಿಸಿ, ಗುಡ್ಡಗಾಡಿನ ಕೃಷಿಕರಿಗೆ ರಿಯಾಯಿತಿ ಕೊಡಬೇಕು. ಸದಸ್ಯರು ತಂತಮ್ಮ ಗಾಡಿಯ ರಸೀದಿಯ ನಕಲನ್ನು ಸಭೆಗೆ ತಂದರೆ ನಿರ್ಣಯಕ್ಕೆ ಬಲ ಬರುತ್ತದೆ. ನಿರ್ಣಯವನ್ನು ನಮ್ಮ ಶಾಸಕರಿಗೂ ಸಂಸದರಿಗೂ ಸಂಘದ ಮೊಹರಿನೊಡನೆ ತಲುಪಿಸಿ, ಬಂದ ಉತ್ತರವನ್ನು ಇದೇ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.